ನಿಂತು ಮಾಡುವ ಕೆಲಸ

ಮಾರ್ಚ್ 4

ಅಣ್ಣಾ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕಲ್ಲ, ಬರೆಯುತ್ತೇನೆ. ಬೆನ್ನುಮೂಳೆಯ ತುದಿಯಲ್ಲಿದ್ದ ಒಂದು ಚೂರು ಎಲುಬನ್ನು ಬಿಟ್ಟು ಉಳಿದ ನಾನು ಕ್ಷೇಮ. ಆ ಎಲುಬನ್ನು ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ಕೋಟಿನ ಗುಂಡಿಗಿಂತ ದೊಡ್ಡದೇನಲ್ಲ. ನೋಡಿ ನಗು ಬಂತು. ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು ಒಂದು ಕ್ಷಣ. ಆಮೇಲೆ ಆ ಮುರಿದ ಚೂರಿನ ಮೇಲೆ ಕೂತು ಹೊಲಿದದ್ದು ಒಂದೂವರೆ ವರ್ಷ.

ಮೊನ್ನೆ ಆಸ್ಪತ್ರೆಯಿಂದ ಬಿಟ್ಟರು. ವಾರಕ್ಕೆರಡು ಸಲ ತೋರಿಸಬೇಕಾದ್ದರಿಂದ ಊರಿಗೆ ಬರುವ ಹಾಗಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದೇನೆ. ಮನೆಯೊಡತಿ ಹಿಂದೆ ರೈಲು ನಿಲ್ದಾಣದಲ್ಲಿ ಮೈಕು ಹಿಡಿದು ಗಾಡಿಗಳ ಹೊತ್ತು ಸಾರುತ್ತಿದ್ದವಳಂತೆ. ಅವಳು ನಿವೃತ್ತಿಯಾಗಿ ಹತ್ತು ವರ್ಷವಾದರೂ ಗಂಟಲು ನಿವೃತ್ತಿಯಾಗಿಲ್ಲ. ನಿನ್ನೆ ನನಗೆ ಐದು ದಿನದ ಮೇಲೆ ಹೊಟ್ಟೆ ಸಡಿಲವಾದದ್ದನ್ನು ಕೆಳಗಿನ ಬೀಗ ರಿಪೇರಿಯವನವರೆಗೆ ಕೇಳುವಂತೆ ಮೆಟ್ಟಿಲಿನಿಂದಲೇ ಸಾರಿದಳು. ಎಷ್ಟು ತಡವಾಗಿ ಬಂತು ಎಂಬುದನ್ನೂ ಸೇರಿಸಿದಳು.

ಇದನ್ನು ಬೋರಲು ಮಲಗಿ, ಹೊಟ್ಟೆಯಡಿ ದಿಂಬಿಟ್ಟುಕೊಂಡು ಬರೆಯುತ್ತಿದ್ದೇನೆ. ಊಟ ನಿಂತುಕೊಂಡು, ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟು. ಆಸ್ಪತ್ರೆಗೆ ನಡೆದು. ಕೂರುವುದೊಂದು ಮಾತ್ರ ಇಲ್ಲ. ಎಲುಬು ಹೋದರೂ ಅದರ ಮಗ್ಗುಲಲ್ಲಿ ಓಡುವ ನರವೊಂದು ಸಿಟ್ಟಾಗಿದೆಯಂತೆ. ಕೂತರೆ ಸಾಕು, ಮೆಷಿನ್ನಿನ ಸೂಜಿ ಬಟ್ಟೆಯಿಲ್ಲದೆ ಓಡಿದ ಹಾಗೆ ಚುಚ್ಚುತ್ತದೆ, ಆಮೇಲೆ ಉರಿ. ಎಲ್ಲಿ ಎಂದು ಕೇಳಬೇಡ, ನೀನು ಅಣ್ಣ. ಗಿರಾಕಿಗಳು ಕೇಳಿದರೆ ಸೊಂಟ ಎಂದು ಹೇಳು.

ಮೂರು ತಿಂಗಳು ಮೆಷಿನ್ನಿನ ಹತ್ತಿರ ಹೋಗಬೇಡ ಎಂದಿದ್ದಾರೆ. ಆಮೇಲೆ ನೋಡೋಣ ಎಂದಿದ್ದಾರೆ. ನೋಡೋಣ ಎನ್ನುವಾಗ ಡಾಕ್ಟರು ನನ್ನನ್ನು ನೋಡಲಿಲ್ಲ.

ಇತಿ,
ನಿನ್ನ ತಂಗಿ

---

ಮಾರ್ಚ್ 15

ತಂಗೀ,

ಪತ್ರ ತಲುಪಿತು. ನಿನ್ನ ಎಲುಬಿನ ಸುದ್ದಿಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಸೊಂಟ ಎಂದು ಹೇಳು ಎಂದಿದ್ದೆ, ಆದರೆ ಸೊಂಟದಲ್ಲಿ ಕಥೆಯೇ ಇಲ್ಲವಲ್ಲ. ಮನುಷ್ಯನಿಗೆ ಹಿಂದೆ ಬಾಲ ಇದ್ದದ್ದಕ್ಕೆ ಉಳಿದ ಸಾಕ್ಷಿ ಅದು, ನನ್ನ ತಂಗಿಯದನ್ನು ಕತ್ತರಿಸಿದರು, ಈಗ ಅವಳೊಬ್ಬಳೇ ಪೂರ್ತಿ ಮನುಷ್ಯಳು ಎಂದೆ. ಔಷಧಿ ಅಂಗಡಿಯವನು ನಕ್ಕು ನಕ್ಕು ಕೆಮ್ಮಿದ.

ನಿನ್ನ ಸ್ಟೂಲಿನ ಮೇಲೆ ಹತ್ತು ದಿನದಲ್ಲಿ ಇಬ್ಬರು ಕೂತು ಎದ್ದು ಹೋದರು. ಮೊದಲನೆಯವಳಿಗೆ ಬಿರುಗಾಳಿ ಎಂದು ಹೆಸರಿಟ್ಟೆ. ಪೆಡಲ್ ತುಳಿದರೆ ಗೋಡೆಯ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಎರಡನೆಯವನ ಹೆಸರು ನಾಳೆ. ಅವನ ಬಾಯಲ್ಲಿ ಬಂದದ್ದು ಅದೊಂದೇ ಪದ. ಇಬ್ಬರೂ ಹೊಲಿದ ಕೋಟುಗಳು ವಾಪಸು ಬಂದವು. ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದಂತೆ. ಈಗಿನವರಿಗೆ ಹೊಲಿಗೆ ಎಂದರೆ ಎರಡು ಬಟ್ಟೆಯನ್ನು ಹೇಗೋ ಅಂಟಿಸುವುದು. ನಿನ್ನಂಥ ಕೈ ಸಿಗುವುದಿಲ್ಲ ಎಂದು ನಾನು ಎಂದೂ ನಿನ್ನ ಮುಂದೆ ಹೇಳಿಲ್ಲ. ಈಗಲೂ ಹೇಳಿದೆನೆಂದು ತಿಳಿಯಬೇಡ.

ಒಂದು ದೊಡ್ಡ ಕೆಲಸ ಬಂದಿದೆ. ಅಗ್ನಿಶಾಮಕ ದಳದ ಬ್ಯಾಂಡಿಗೆ ಇಪ್ಪತ್ತೆಂಟು ಕೋಟು. ಆಗಸ್ಟಿನಲ್ಲಿ ಅವರ ವಾರ್ಷಿಕ ಮೆರವಣಿಗೆ. ಇಡೀ ಊರು ನೋಡುತ್ತದೆ. ಮೂರು ತಿಂಗಳು ಎನ್ನುವುದೆಲ್ಲ ಡಾಕ್ಟರರ ಬಾಯಿ ಅಭ್ಯಾಸ. ಆರು ವಾರದಲ್ಲಿ ಬಾ. ನಾನೇ ಕತ್ತರಿಸಿ ಮಾಡಿದ ದಿಂಬೊಂದನ್ನು ಕಳಿಸಿದ್ದೇನೆ, ಸ್ಕೂಟರ್ ಟ್ಯೂಬಿನ ಹಾಗೆ ದುಂಡಗೆ, ನಡುವೆ ತೂತು. ರಾಣಿಯ ಹಾಗೆ ಕೂರುತ್ತೀ.

ಇತಿ ನಿನ್ನ ಅಣ್ಣ,
ಕಟಿಂಗ್ ಮಾಸ್ಟರ್

---

ಏಪ್ರಿಲ್ 2

ಅಣ್ಣಾ,

ನಿನ್ನ ದುಂಡು ದಿಂಬು ಬಂತು. ಕೂತೆ. ನೋಯುವ ಜಾಗವೆಲ್ಲ ತೂತಿನಲ್ಲಿ ಜೋತುಬಿದ್ದು, ಸುತ್ತಲಿನ ಅಂಚು ಅದನ್ನು ಎರಡೂ ಕಡೆಯಿಂದ ಎಳೆಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಮನೆಯೊಡತಿ ಬೀದಿಗೆ ಸಾರಿದಳು. ನಡುವೆ ತೂತು ಬೇಡ, ಮುಂದೆ ಇಳಿಜಾರಾಗಿ, ಹಿಂದೆ ಬಾಗಿಲಿನ ಹಾಗೆ ತೆರೆದಿರಬೇಕಂತೆ. ಇದನ್ನು ಹೇಳಿದ್ದು ಇಲ್ಲಿ ನನಗೆ ವ್ಯಾಯಾಮ ಮಾಡಿಸುವವಳು. ಅವಳಿಗೆ ಉಸಿರಮ್ಮ ಎಂದು ಹೆಸರಿಟ್ಟಿದ್ದೇನೆ. ನಮ್ಮ ಮನೆಯ ಈ ಚಾಳಿ ನನಗೂ ಇದೆಯಲ್ಲ. ಏನು ಕೇಳಿದರೂ ಮೊದಲು ಉಸಿರು ಬಿಡಿ ಎನ್ನುತ್ತಾಳೆ.

ಅವಳು ಹೇಳುವುದೇನೆಂದರೆ, ನೋವಿಗೆ ಹೆದರಿ ನಾನು ಕೆಳಗಿನ ಸ್ನಾಯುಗಳನ್ನು ಮುಷ್ಟಿಯ ಹಾಗೆ ಬಿಗಿಹಿಡಿದಿದ್ದೇನೆ, ಒಂದೂವರೆ ವರ್ಷದಿಂದ ಬಿಟ್ಟೇ ಇಲ್ಲ. ನರ ಆ ಮುಷ್ಟಿಯೊಳಗೆ ಸಿಕ್ಕಿದೆ. ಅದನ್ನು ಬಿಡಿಸುವುದೇ ಈಗ ನನ್ನ ಕೆಲಸ. ಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಉಸಿರನ್ನು ಹೊಟ್ಟೆಗಿಂತ ಕೆಳಗೆ ಕಳಿಸುತ್ತೇನೆ. ಒಂದೊಂದು ಸಲ ಮುಷ್ಟಿ ಸಡಿಲವಾಗುತ್ತದೆ. ಆಗ ಅಳು ಬರುತ್ತದೆ, ಯಾಕೆಂದು ಗೊತ್ತಿಲ್ಲ. ನರ ವಾಸಿಯಾಗುವುದು ತಿಂಗಳುಗಳ ಮಾತಂತೆ. ಪೂರ್ತಿ ಆದರೂ ಆಗಬಹುದು, ಆಗದೆಯೂ ಇರಬಹುದು. ನಿನ್ನೆ ಗಡಿಯಾರ ಇಟ್ಟುಕೊಂಡು ಕೂತೆ. ಹನ್ನೆರಡು ನಿಮಿಷ. ಹದಿಮೂರನೆಯದರಲ್ಲಿ ಎದ್ದೆ.

ಅಣ್ಣಾ, ಒಂದು ಕೋಟಿಗೆ ಎಷ್ಟು ಹನ್ನೆರಡು ನಿಮಿಷ ಬೇಕು ಎಂದು ಇಬ್ಬರಿಗೂ ಗೊತ್ತು. ನನಗೆ ಈ ಕಸುಬು ಬಿಟ್ಟು ಬೇರೆ ಗೊತ್ತಿಲ್ಲ, ವಯಸ್ಸು ನಲವತ್ಮೂರು. ನಮ್ಮ ಅಂಗಡಿಯಲ್ಲಿ ನಿಂತು ಮಾಡುವ ಕೆಲಸ ಒಂದೇ ಇದೆ. ಕತ್ತರಿ ನನಗೆ ಕೊಡು. ಅಳತೆ ನೀನೇ ತೆಗೆದುಕೋ, ಗಿರಾಕಿಗಳ ಹತ್ತಿರ ನೀನೇ ಮಾತಾಡು, ಬೋರ್ಡಿನ ಮೇಲೆ ನಿನ್ನ ಹೆಸರೇ ಇರಲಿ. ಬಟ್ಟೆ ಕತ್ತರಿಸುವುದು ಮಾತ್ರ ನಾನು. ನಿನ್ನನ್ನು ನಾನು ಇದುವರೆಗೆ ಏನೂ ಕೇಳಿಲ್ಲ.

ನಿನ್ನ ತಂಗಿ

---

ಏಪ್ರಿಲ್ 20

ತಂಗೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ನಗು ಕಡಿಮೆ ಬಂತು.

ಅಪ್ಪ ಈ ಅಂಗಡಿಯನ್ನು ಹೇಗೆ ನಡೆಸಿದ ಎಂದು ನಿನಗೆ ನಾನು ಹೇಳಿಕೊಡಬೇಕೆ? ನಿಂತವನು ಕತ್ತರಿಸುತ್ತಾನೆ, ಕೂತವರು ಹೊಲಿಯುತ್ತಾರೆ. ಕೂತವರು ಕತ್ತರಿ ಮುಟ್ಟುವುದಿಲ್ಲ. ಅಪ್ಪ ಊಟಕ್ಕೆ ಹೋಗುವಾಗ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಒಂದು ಸಲ ನೀನು ಅದರಲ್ಲಿ ನೂಲು ಕತ್ತರಿಸಿದ್ದಕ್ಕೆ ಮೂರು ದಿನ ನಿನ್ನ ಜೊತೆ ಮಾತು ಬಿಟ್ಟ. ಬರೀ ನೂಲು. ನೀನು ಈಗ ಬಟ್ಟೆ ಕೇಳುತ್ತಿದ್ದೀ. ನಿನ್ನ ಹಿಂಭಾಗ ನೊಂದಿತು ಎಂದು ಅಪ್ಪನ ಕಟ್ಟಳೆ ತಿರುಗಿಸಿ ಹೊಲಿಯಲಾಗುತ್ತದೆಯೇ?

ನಿಲ್ಲುವುದು ಸುಲಭ ಎಂದುಕೊಂಡಿದ್ದೀ. ಮೂವತ್ತು ವರ್ಷ ನಿಂತ ಕಾಲು ನನ್ನದು, ನರ ಉಬ್ಬಿ ಹಗ್ಗದ ಹಾಗಾಗಿದೆ. ನಾನು ಯಾರಿಗಾದರೂ ಪತ್ರ ಬರೆದೆನಾ? ಎಲ್ಲರಿಗೂ ಎಲ್ಲೋ ನೋಯುತ್ತದೆ. ನಿನ್ನದು ಹೇಳಿಕೊಳ್ಳಲಾಗದ ಜಾಗ, ಅಷ್ಟೇ ವ್ಯತ್ಯಾಸ.

ಬರುವುದಾದರೆ ಹೊಲಿಯಲು ಬಾ. ಮಂಡಿಯೂರಿ ಗುಂಡಿ ಹಾಕು, ಮಲಗಿ ಗಂಟು ಹಾಕು, ನನ್ನದೇನೂ ತಕರಾರಿಲ್ಲ. ಇನ್ನೊಂದು ದಿಂಬು ಮಾಡಿದ್ದೇನೆ. ಆ ವ್ಯಾಯಾಮದವಳು ಹೇಳಿದ ಹಾಗಲ್ಲ, ಬಾಗಿಲು ಮುಂದಕ್ಕೆ ಇಟ್ಟಿದ್ದೇನೆ. ದಿಂಬು ಕತ್ತರಿಸುವುದನ್ನೂ ನಾನು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ.

ಸ್ಟೂಲಿಗೆ ಮೂರನೆಯವಳು ಸಿಕ್ಕಿದ್ದಾಳೆ. ಇವಳಿಗೆ ಮೌನಿ ಎಂದು ಹೆಸರಿಟ್ಟಿದ್ದೇನೆ. ಬಂದ ದಿನ ನಮಸ್ಕಾರ ಎಂದಳು, ಸಂಜೆ ಹೊರಡುತ್ತೇನೆ ಎಂದಳು, ನಡುವೆ ಏನೂ ಇಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರಂತೆ, ಗಂಡ ಇಲ್ಲವಂತೆ. ಕೆಲಸ ಬಿಡುವ ಹಾಗಿಲ್ಲ, ಅದೇ ಅವಳ ಒಳ್ಳೆಯ ಗುಣ.

ನಿನ್ನ ಅಣ್ಣ

---

ಮೇ 18

ಅಕ್ಕನವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಅಣ್ಣನವರ ಅಂಗಡಿಯಲ್ಲಿ ನಿಮ್ಮ ಸ್ಟೂಲಿನ ಮೇಲೆ ಒಂದು ತಿಂಗಳಿಂದ ಕೂರುತ್ತಿದ್ದೇನೆ. ವಿಳಾಸವನ್ನು ಅವರಿಗೆ ಬಂದ ಲಕೋಟೆಯ ಮೇಲಿಂದ ಬರೆದುಕೊಂಡೆ, ಅವರಿಗೆ ಗೊತ್ತಿಲ್ಲ. ಕ್ಷಮಿಸಬೇಕು.

ಮೊನ್ನೆ ಶಾಲೆಯ ಹೆಡ್ಮಾಸ್ಟರ ಹಳೆಯ ಕೋಟೊಂದು ಸಡಿಲ ಮಾಡಲು ಬಂತು. ನೀವು ಹೊಲಿದದ್ದು. ಒಳಗಿನ ಅಸ್ತರು ಬಿಚ್ಚಿದಾಗ ಎರಡೂ ಕಂಕುಳಲ್ಲಿ ಬೆರಳಗಲದ ಮೂರುಮೂಲೆ ತುಂಡು ಸೇರಿಸಿದ್ದು ಕಂಡಿತು. ಬಟ್ಟೆಯ ಎಳೆ ಎಳೆಗೆ ಕೂಡಿಸಿದ್ದೀರಿ, ಹೊರಗಿನಿಂದ ದೇವರಿಗೂ ಕಾಣುವುದಿಲ್ಲ. ಆಮೇಲೆ ಇನ್ನೂ ಎರಡು ಹಳೆಯ ಕೋಟು ಬಂದವು. ಅವುಗಳಲ್ಲೂ ಹಾಗೆಯೇ. ಆಗ ನನಗೆ ತಿಳಿಯಿತು. ಮಾಸ್ಟರು ತೋಳಿನ ಸುತ್ತು ತಿರುಗಿಸುವಾಗ ಕತ್ತರಿ ಗೆರೆ ಬಿಟ್ಟು ಒಳಗೆ ಹೋಗುತ್ತದೆ. ಸೀಮೆಸುಣ್ಣದ ಗೆರೆ ಸರಿಯಾಗಿರುತ್ತದೆ, ಕಟ್ಟು, ಅಂದರೆ ಕತ್ತರಿಸಿದ ಅಂಚು, ಮಾತ್ರ ಸರಿಯಿರುವುದಿಲ್ಲ. ಅವರ ಕಣ್ಣಿನ ಮೇಲೆ ಬಿಳಿ ಪೊರೆ ಇದೆ, ಬಾಗಿಲ ಬೆಳಕಿನಲ್ಲಿ ನೋಡಿದ್ದೇನೆ.

ಒಂದು ದಿನ ಧೈರ್ಯ ಮಾಡಿ ಹೇಳಿದೆ. "ಕೂತವರು ಕೂತ ಕಡೆ ನೋಡ್ಕೊಂಡು ಹೊಲೀಬೇಕಮ್ಮ, ನಿಂತವರ ಕಡೆ ನೋಡಬಾರದು" ಎಂದರು. ಗಿರಾಕಿಗಳು ನಕ್ಕರು.

ಬ್ಯಾಂಡಿನ ಬಟ್ಟೆ ಬರುವ ತಿಂಗಳು ಕತ್ತರಿಸುತ್ತಾರೆ. ಆ ತುಂಡನ್ನು ಬಟ್ಟೆಯ ಯಾವ ಭಾಗದಿಂದ ತೆಗೆಯುತ್ತಿದ್ದಿರಿ, ಎಷ್ಟು ಆಳಕ್ಕೆ ಕೂರಿಸುತ್ತಿದ್ದಿರಿ, ಇಸ್ತ್ರಿ ಮೊದಲೋ ಆಮೇಲೋ ಎಂದು ಬರೆದು ಕಲಿಸಿದರೆ ನಿಮ್ಮ ಉಪಕಾರ ಮರೆಯುವುದಿಲ್ಲ. ನಾನು ಮಾಡಿ ನೋಡಿದೆ, ಬಟ್ಟೆ ಸುಕ್ಕಾಯಿತು. ಈ ಕೆಲಸ ನನಗೆ ಬೇಕು.

ನಿಮ್ಮ ನೋವು ಬೇಗ ಕಡಿಮೆಯಾಗಲಿ. ಒಂದೊಂದು ಕೋಟಿಗೆ ನೀವು ಎಷ್ಟು ಹೊತ್ತು ಹೆಚ್ಚಿಗೆ ಕೂತಿರಬೇಕು ಎಂದು ಈಗ ನನಗೆ ಗೊತ್ತು.

ಇತಿ,
ನಿಮ್ಮ ಸ್ಟೂಲಿನವಳು

---

ಮೇ 27

ನಿಮ್ಮ ಪತ್ರ ಬಂತು.

ನೀವು ಏನನ್ನೋ ನೋಡಿ ಏನನ್ನೋ ತಿಳಿದಿದ್ದೀರಿ. ಆ ಮೂರುಮೂಲೆ ತುಂಡು ಬಟ್ಟೆ ಸಾಲದಾಗ ಹಾಕಿದ್ದಿರಬಹುದು, ನನಗೆ ನೆನಪಿಲ್ಲ. ಮಾಸ್ಟರು ಕತ್ತರಿಸಿದ ಹಾಗೆ ನಾನು ಹೊಲಿದೆ. ನೀವೂ ಹಾಗೆಯೇ ಹೊಲಿಯಿರಿ.

ಇತಿ,
ಮಾಸ್ಟರ ತಂಗಿ

---

ಜೂನ್ 14

ತಂಗೀ,

ಎರಡು ತಿಂಗಳಿಂದ ನಿನ್ನ ಪತ್ರವಿಲ್ಲ. ಮುನಿಸಿಕೊಂಡವರು ಕೂತು ಮುನಿಸಿಕೊಳ್ಳುತ್ತಾರೆ, ನೀನು ನಿಂತೇ ಮುನಿಸಿಕೊಂಡಿರಬೇಕು, ಕಾಲು ನೋಯುವುದಿಲ್ಲವೇ?

ಬ್ಯಾಂಡಿನ ಬಟ್ಟೆ ಬಂದಿದೆ. ಬೆಂಕಿಯ ಕೆಂಪು. ಅಂಗಡಿಯ ತುಂಬ ಹರಡಿದ್ದೇನೆ, ಬಂದವರ ಮುಖವೆಲ್ಲ ಕೆಂಪಾಗಿ ಕಾಣುತ್ತದೆ. ದಳದವರು ಅಳೆದು ಅಳೆದು ಬಟ್ಟೆ ಕೊಟ್ಟಿದ್ದಾರೆ, ಮಾರ್ಜಿನ್ನಿಗೆ ಅರ್ಧ ಬೆರಳೂ ಉಳಿಯುವುದಿಲ್ಲ. ಒಂದೊಂದಾಗಿ ಕತ್ತರಿಸುತ್ತ ಕೂರಲು ಹೊತ್ತಿಲ್ಲ. ಹೆಚ್ಚುಕಡಿಮೆ ಒಂದೇ ಅಳತೆಯ ಏಳೇಳು ಕೋಟಿನ ಬಟ್ಟೆ ಒಂದರ ಮೇಲೊಂದು ಪೇರಿಸಿ, ಮೇಲಿನದಕ್ಕೆ ಗೆರೆ ಹಾಕಿ, ದೊಡ್ಡ ಕತ್ತರಿಯಲ್ಲಿ ಒಂದೇ ಏಟಿಗೆ ಇಳಿಸುವುದೆಂದು ಮಾಡಿದ್ದೇನೆ. ನಾಲ್ಕು ಪೇರು, ನಾಲ್ಕು ದಿನ. ಅಪ್ಪನೂ ಮಾಡಿರಲಿಲ್ಲ. ಸೋಮವಾರದಿಂದ ಕತ್ತರಿ ಹಿಡಿಯುತ್ತೇನೆ.

ಮೌನಿ ಮೊನ್ನೆ ಬಾಯಿ ಬಿಟ್ಟಳು. ಮೊದಲು ಒಂದನ್ನೇ ಕತ್ತರಿಸಿ, ಹೊಲಿದು, ಹಾಕಿಸಿ ನೋಡೋಣ ಎಂದಳು. ಅವಳಿಗೆ ಮೌನಿ ಎಂದು ಹೆಸರಿಟ್ಟು ತಪ್ಪು ಮಾಡಿದೆ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿದೆ.

ನೀನು ಏನಾದರೂ ಹೇಳುವುದಿದ್ದರೆ ಸೋಮವಾರದೊಳಗೆ ಬರೆ. ಇಪ್ಪತ್ತು ವರ್ಷ ನನ್ನ ಕಟ್ಟನ್ನು ಹೊಲಿದವಳು ನೀನು.

ನಿನ್ನ ಅಣ್ಣ

---

ಜೂನ್ 30

ಅಣ್ಣಾ,

ನಿನ್ನ ಪತ್ರ ಸೋಮವಾರಕ್ಕೆ ಎರಡು ದಿನ ಮೊದಲೇ ಬಂತು. ಉತ್ತರ ತಡವಾಯಿತು. ಇಲ್ಲಿ ಅಂಚೆ ಡಬ್ಬಿ ಬೀದಿಯ ಕೊನೆಯಲ್ಲಿದೆ, ನಾನು ದಿನಾ ಅದರವರೆಗೆ ನಡೆದು ವಾಪಸು ಬರುತ್ತೇನೆ. ಉಸಿರಮ್ಮ ನಡೆಯಲು ಹೇಳಿದ್ದಾಳೆ.

ನಾನು ಸುಧಾರಿಸಿದ್ದೇನೆ. ಮುಂದೆ ಬಾಗಿ, ಭಾರವನ್ನು ತೊಡೆಗಳ ಮೇಲೆ ಹಾಕಿ ಕೂರುವುದನ್ನು ಕಲಿತೆ. ಏಳುವಾಗ ಒಮ್ಮೆಲೇ ನೆಟ್ಟಗಾಗಬಾರದು, ಅದೇ ಹೆಚ್ಚು ಚುಚ್ಚುವ ಕ್ಷಣ. ಮೂಗನ್ನು ಮೊಣಕಾಲಿಗಿಂತ ಮುಂದೆ ತಂದು, ಉಸಿರು ಬಿಡುತ್ತ ಎದ್ದರೆ ಸ್ವಲ್ಪ ಕಡಿಮೆ. ಕಕ್ಕಸಿನಲ್ಲಿ ಕಾಲ ಕೆಳಗೆ ಸಣ್ಣ ಮಣೆ. ಬೆಳಗ್ಗೆ ಉರಿ ಇರುವುದಿಲ್ಲ, ಸಂಜೆಗೆ ಬಂದು ಸೇರುತ್ತದೆ, ಕೆಲಸ ಮುಗಿಸಿ ಮನೆಗೆ ಬರುವ ಗಂಡಸಿನ ಹಾಗೆ. ಈಗ ಹದಿನೆಂಟು ನಿಮಿಷ. ಡಾಕ್ಟರು ಚೆನ್ನಾಗಿದೆ ಎಂದರು. ಮತ್ತೆ ಹೊಲಿಗೆಗೆ ಕೂರಬಹುದೇ ಎಂದು ಕೇಳಿದೆ. ಈ ಸಲ ನನ್ನನ್ನೇ ನೋಡಿ ಇಲ್ಲ ಎಂದರು.

ಬ್ಯಾಂಡಿನವರಿಗೆ ಕೋಟು ಚೆನ್ನಾಗಿ ಒಪ್ಪಲಿ.

ನಿನ್ನ ತಂಗಿ

---

ಆಗಸ್ಟ್ 17

ತಂಗೀ,

ನಿನಗೆ ಕಥೆ ಇಷ್ಟ. ಒಂದು ಕಥೆ ಹೇಳುತ್ತೇನೆ.

ಟ್ರಯಲ್ಲಿನ ದಿನ ಇಪ್ಪತ್ತೆಂಟು ಜನ ಕೈ ಇಳಿಬಿಟ್ಟು ಸಾಲಾಗಿ ನಿಂತರು. ಒಂದು ಸುಕ್ಕಿಲ್ಲ. ಮೌನಿ ಹಿಂದಿನಿಂದ ಬಂದು, ಕೈ ಎತ್ತಿಸಿ ನೋಡಿ ಮಾಸ್ಟರೇ ಎಂದು ಪಿಸುಗುಟ್ಟಿದಳು. ಇದು ಟೈಲರ್ ಅಂಗಡಿ, ಕವಾಯತು ಮೈದಾನವಲ್ಲ ಎಂದೆ. ಎಲ್ಲರೂ ನಕ್ಕರು. ಅದು ನನ್ನ ಕೊನೆಯ ಒಳ್ಳೆಯ ತಮಾಷೆ.

ಮೆರವಣಿಗೆಯ ದಿನ ಊರೆಲ್ಲ ಬೀದಿಯಲ್ಲಿತ್ತು. ನಾನು ಮುಂದಿನ ಸಾಲಿನಲ್ಲಿ ನಿಂತಿದ್ದೆ. ದಳದ ಮುಖ್ಯಸ್ಥ ಕೋಲು ಎತ್ತಿದ. ಇಪ್ಪತ್ತೇಳು ಜನ ತುತ್ತೂರಿ, ಕೊಳಲು, ತಾಳ ಎಲ್ಲ ಒಮ್ಮೆಲೇ ಎತ್ತಿದರು. ತಂಗೀ, ಸಂಗೀತ ಶುರುವಾಗುವ ಮೊದಲು ಒಂದು ಶಬ್ದ ಬಂತು. ಹೊಲಿಗೆ ಬಿಡುವ ಶಬ್ದ. ಒಂದಾದರೆ ಯಾರಿಗೂ ಕೇಳುವುದಿಲ್ಲ. ಇಪ್ಪತ್ತೆಂಟು ಕೋಟು, ಐವತ್ತಾರು ಕಂಕುಳು. ಪೇರಿನ ಮೇಲಿನವು ಸ್ವಲ್ಪ, ಅಡಿಯವು ಪೂರ್ತಿ. ಮುಖ್ಯಸ್ಥನ ಕೋಟಿನ ತೋಳು ಕೈಯ ಜೊತೆ ಮೇಲೆ ಹೋಯಿತು, ಕೋಟು ಕೆಳಗೇ ನಿಂತಿತು. ದೊಡ್ಡ ಡೋಲಿನವನದು ಬೆನ್ನಿನವರೆಗೆ ಹರಿದು, ಪ್ರತಿ ಪೆಟ್ಟಿಗೂ ಬಿಳಿ ಬನಿಯನ್ ಇಣುಕಿ ನೋಡುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಔಷಧಿ ಅಂಗಡಿಯವನು ನನ್ನ ಭುಜ ತಟ್ಟಿ, ಕೋಟಿಗೂ ಬಾಲದ ಎಲುಬು ಮುರಿಯಿತಲ್ಲ ಮಾಸ್ಟರೇ ಎಂದ.

ಮುಖ್ಯಸ್ಥ ಅಂಗಡಿಗೆ ಬಂದ. ಅರ್ಧ ಬ್ಯಾಂಡು, ಅರ್ಧ ಬೀದಿ ಅವನ ಹಿಂದೆ. ಯಾರ ತಪ್ಪು ಎಂದು ಕೇಳಿದ. ನಾನು ಸ್ಟೂಲಿನ ಕಡೆ ಕೈ ತೋರಿಸಿದೆ. ಅವಳು ಎದ್ದು ನಿಂತಳು. ಹೊಲಿಗೆ ಕಲಿಯದವಳು, ದಯೆ ತೋರಿಸಿ ಇಟ್ಟುಕೊಂಡೆ ಎಂದೆ. ಅಲ್ಲೇ, ಅವರೆದುರೇ, ಕೆಲಸದಿಂದ ತೆಗೆದೆ. ಅವಳು ಚೀಲ ತೆಗೆದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಕೋಟುಗಳೆಲ್ಲ ವಾಪಸು ಬಂದು ಮೇಜಿನ ಮೇಲೆ ರಾಶಿ ಬಿದ್ದಿವೆ.

ನಿನ್ನ ಅಣ್ಣ

---

ಆಗಸ್ಟ್ 24

ಅಣ್ಣಾ,

ಕಥೆ ಚೆನ್ನಾಗಿ ಹೇಳಿದ್ದೀ. ಅದರಲ್ಲಿ ನಿನಗೆ ಗೊತ್ತಿಲ್ಲದ ಒಂದು ಭಾಗವಿದೆ, ಅದನ್ನು ನಾನು ಹೇಳುತ್ತೇನೆ.

ನಿನ್ನ ಕಣ್ಣಿಗೆ ಪೊರೆ ಬಂದು ಆರು ವರ್ಷವಾಯಿತು. ತೋಳಿನ ಸುತ್ತಿನಲ್ಲಿ ನಿನ್ನ ಕತ್ತರಿ ಗೆರೆ ಬಿಡುತ್ತದೆ. ಆರು ವರ್ಷದಿಂದ ನೀನು ಕತ್ತರಿಸಿದ ಒಂದು ಕೋಟೂ ಸರಿಯಾಗಿರಲಿಲ್ಲ. ಕಾಲರಿನ ಒಳಪಟ್ಟಿಯಿಂದ ಚೂರು ಕದ್ದು, ಮೂರುಮೂಲೆ ಮಾಡಿ, ಒಂದೊಂದು ಕಂಕುಳಲ್ಲೂ ಕೂರಿಸಿ, ಎಳೆಗೆ ಎಳೆ ಸೇರಿಸಿ, ನಾನು ಅವನ್ನು ಕೋಟು ಮಾಡಿದೆ. ಪ್ರತಿ ಕೋಟಿಗೆ ಒಂದು ಗಂಟೆ ಹೆಚ್ಚು. ಮೆಟ್ಟಿಲ ಮೇಲೆ ಬಿದ್ದ ಮೇಲೂ ಆ ಒಂದು ಗಂಟೆ ಬಿಡಲಿಲ್ಲ. ನೀನು ಊಟಕ್ಕೆ ಹೋದಾಗ ಮಾಡುತ್ತಿದ್ದೆ, ನಿನಗೆ ತಿಳಿಯಬಾರದೆಂದು. ತಿಳಿದರೆ ನೀನು ಉಳಿಯುವುದಿಲ್ಲ ಎಂದುಕೊಂಡಿದ್ದೆ. ಗಿರಾಕಿಗಳು ನಿನ್ನ ಕಟ್ಟನ್ನು ಹೊಗಳುವಾಗ ತಲೆ ಬಗ್ಗಿಸಿ ಪೆಡಲ್ ತುಳಿಯುತ್ತಿದ್ದೆ. ಅದು ನಾನು ನಿನಗೆ ಕೊಟ್ಟದ್ದು.

ಏಪ್ರಿಲ್‌ನಲ್ಲಿ ನಾನು ಒಂದೇ ಒಂದು ಕೇಳಿದೆ. ನೀನು ಊರಿನವರ ಮುಂದೆ ನನ್ನ ನೋವನ್ನು ತಮಾಷೆ ಮಾಡಿದೆ, ನನಗೆ ತಿರುಗುಮುರುಗು ದಿಂಬು ಕಳಿಸಿದೆ. ಜೂನಿನಲ್ಲಿ ಸೋಮವಾರದೊಳಗೆ ಬರೆ ಎಂದೆಯಲ್ಲ, ನಾನು ಬರೆದೆ. ಏಳು ಪದರ ಕತ್ತರಿಸಬೇಡ, ಕಣ್ಣು ತೋರಿಸು ಎಂದು ಬರೆದೆ. ಅಂಚೆ ಡಬ್ಬಿಯವರೆಗೆ ಹೋದೆ. ಹಾಕಲಿಲ್ಲ. ಅದರ ಬಾಯಿಯ ಮುಂದೆ ನಿಂತು, ಈ ಪತ್ರ ಹಾಕಿದರೆ ಇನ್ನು ಹತ್ತು ವರ್ಷ ನಿನ್ನ ಕೈಯಲ್ಲಿ ಕತ್ತರಿ ಇರುತ್ತದೆ ಎಂದುಕೊಂಡೆ. ವಾಪಸು ಬಂದು ಹರಿದೆ.

ತಪ್ಪು ಆ ಹೆಂಗಸಿನದಲ್ಲ. ಈಗ ಹೇಳು, ಕತ್ತರಿ ಯಾರದು?

ತಂಗಿ

---

ಸೆಪ್ಟೆಂಬರ್ 3

ತಂಗೀ,

ಮೌನಿ ನಿನ್ನೆ ಅಂಗಡಿಗೆ ಬಂದಳು. ತನ್ನ ಬೆರಳ ಟೋಪಿ ಮರೆತು ಹೋಗಿದ್ದಳಂತೆ. ಅದನ್ನು ತೆಗೆದುಕೊಂಡು ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಮೇ ತಿಂಗಳ ಇಪ್ಪತ್ತೇಳನೆಯ ತಾರೀಕು, ನಿನ್ನ ಅಕ್ಷರ. ಭೂತಗನ್ನಡಿ ಹಿಡಿದು ಓದಿದೆ. ಮಾಸ್ಟರು ಕತ್ತರಿಸಿದ ಹಾಗೆ ನಾನು ಹೊಲಿದೆ, ನೀವೂ ಹಾಗೆಯೇ ಹೊಲಿಯಿರಿ. ನಿನ್ನ ಪತ್ರದಲ್ಲಿ ಈ ಕಾಗದದ ಮಾತೇ ಇರಲಿಲ್ಲವಲ್ಲ. "ನಿಮ್ಮಿಬ್ಬರ ನಡುವೆ ಏನಿದೆಯೋ ನನಗೆ ಗೊತ್ತಿಲ್ಲ. ಹೊಡೆತ ಮಾತ್ರ ನನಗೆ ಬಿತ್ತು" ಎಂದಳು. ಆ ಹೆಂಗಸು ನನ್ನ ಹತ್ತಿರ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು.

ಈಗ ನಿನಗೆ ಗೊತ್ತಿಲ್ಲದ ಭಾಗ.

ಆರು ವರ್ಷದ ಹಿಂದೆಯೇ ಕಣ್ಣಿನ ಡಾಕ್ಟರು ಹೇಳಿದ್ದರು. ಆಪರೇಷನ್ ಆದರೆ ಒಂದೂವರೆ ತಿಂಗಳು ಕತ್ತರಿ ಹಿಡಿಯುವ ಹಾಗಿರಲಿಲ್ಲ. ಅಷ್ಟು ದಿನ ಅದು ನಿನ್ನ ಕೈಗೆ ಹೋಗಬೇಕಿತ್ತು. ಹೋದರೆ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಕತ್ತರಿ ಹಿಡಿದರೆ ನೀನು ನನಗಿಂತ ಚೆನ್ನಾಗಿ ಕತ್ತರಿಸುತ್ತೀ. ಅಪ್ಪನೂ ಅದನ್ನು ನೋಡಿದ್ದ, ಅದಕ್ಕೇ ನೂಲು ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟದ್ದು.

ಊಟಕ್ಕೆ ಹೋದವನು ಒಂದು ದಿನ ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ನೀನು ಬಾಗಿಲಿಗೆ ಬೆನ್ನು ಮಾಡಿ ಕೂತು ಮೂರುಮೂಲೆ ತುಂಡು ಕೂರಿಸುತ್ತಿದ್ದೆ. ನೋಡಿದೆ. ಸದ್ದು ಮಾಡದೆ ಹೋದೆ. ಅಂದಿನಿಂದ ಊಟಕ್ಕೆ ಒಂದು ಗಂಟೆ ಹೆಚ್ಚಿಗೆ ತೆಗೆದುಕೊಂಡೆ, ನಿನಗೆ ಹೊತ್ತು ಸಾಲಲಿ ಎಂದು. ಮೆಟ್ಟಿಲ ಮೇಲೆ ನೀನು ಬಿದ್ದ ಮೇಲೂ. ಒಂದು ಬದಿಗೆ ವಾಲಿ, ತುಟಿ ಕಚ್ಚಿ ಕೂತಿರುತ್ತಿದ್ದೆಯಲ್ಲ, ಅದನ್ನು ಕಿಟಕಿಯಿಂದ ನೋಡಿಕೊಂಡು ಮುಂದೆ ನಡೆದು ಇನ್ನೊಂದು ಸುತ್ತು ಹಾಕಿ ಬರುತ್ತಿದ್ದೆ. ನೀನು ನಿಂತರೆ ನನ್ನ ತಪ್ಪನ್ನು ಕೂತು ಮುಚ್ಚುವವರು ಯಾರು? ಏಪ್ರಿಲ್‌ನಲ್ಲಿ ಬೇಡ ಎಂದದ್ದು ಅಪ್ಪನ ಕಟ್ಟಳೆಗಲ್ಲ.

ನೀನು ಕೊಟ್ಟೆ ಎಂದು ಬರೆದಿದ್ದೀ. ನಾನು ತೆಗೆದುಕೊಂಡೆ. ನಾವಿಬ್ಬರೂ ಅವನ ಮಕ್ಕಳೇ.

ಕತ್ತರಿ ಮೇಜಿನ ಮೇಲಿದೆ. ಊಟಕ್ಕೆ ಹೋಗುವಾಗ ಜೇಬಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೇನೆ. ಬಾ. ಆದರೆ ಮೆಷಿನ್ನಿನ ಮೇಲೆ ಯಾರೂ ಇಲ್ಲ. ಐವತ್ತಾರು ಕಂಕುಳು ಬಿಚ್ಚುವುದಿದೆ. ಯಾರು ಕೂರುತ್ತಾರೆ?

ಅಣ್ಣ

---

ಸೆಪ್ಟೆಂಬರ್ 9

ಅಣ್ಣಾ,

ನಿನ್ನ ಪತ್ರ ಓದಿ ಒಂದು ದಿನವೆಲ್ಲ ಒಳಗಿನ ಆ ಮುಷ್ಟಿ ಮತ್ತೆ ಬಿಗಿಯಿತು. ಉಸಿರಮ್ಮ ಎರಡು ಗಂಟೆ ಒದ್ದಾಡಿದಳು, ಏನಾಯಿತು ಎಂದಳು. ಊರಿಂದ ಸುದ್ದಿ ಬಂತು ಎಂದೆ. ಆರು ವರ್ಷ ಆ ಒಂದು ಗಂಟೆಯನ್ನು ನಾನು ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದೆ. ನೋವು ತೀರ ಹೆಚ್ಚಾದಾಗ ಅದನ್ನು ನೆನೆದುಕೊಳ್ಳುತ್ತಿದ್ದೆ, ಇದು ಸುಮ್ಮನೆ ಬಂದ ನೋವಲ್ಲ, ಅಣ್ಣನಿಗಾಗಿ ಬಂದದ್ದು ಎಂದು. ಈಗ ಬರೀ ನೋವು ಉಳಿದಿದೆ.

ಸೋಮವಾರದ ಬಸ್ಸಿಗೆ ಬರುತ್ತೇನೆ. ನಾಲ್ಕು ಗಂಟೆ ನಿಂತೇ. ಒಂದು ನಿಲ್ದಾಣ ಮೊದಲೇ ಇಳಿದು ಮೌನಿಯ ಮನೆಗೆ ಹೋಗುತ್ತೇನೆ. ಅವಳಿಗೆ ಏನು ಹೇಳಬೇಕೆಂದು ನನಗೆ ಇನ್ನೂ ಗೊತ್ತಿಲ್ಲ, ಅವಳ ಕೈಯಲ್ಲಿ ನನ್ನದೇ ಅಕ್ಷರ ಇದೆ. ಅವಳು ಬಾಗಿಲು ತೆಗೆಯದೆ ಹೋದರೆ, ಐವತ್ತಾರು ಕಂಕುಳನ್ನೂ ನೀನೇ ಬಿಚ್ಚುತ್ತೀ. ತೆಗೆದರೂ ನೀನೇ ಬಿಚ್ಚುತ್ತೀ. ಹೊಲಿಗೆ ಬಿಚ್ಚಲು ಕಣ್ಣು ಬೇಕಾಗಿಲ್ಲ, ಬೆರಳು ಸಾಕು. ಕೂರುವುದು ಬೇಕು.

ನಾನು ಮೇಜಿನ ಈಚೆ ನಿಂತು ಕತ್ತರಿಸುತ್ತಿರುತ್ತೇನೆ. ಮೊದಲ ದಿನ ಹನ್ನೆರಡು ನಿಮಿಷಕ್ಕೆ ನಿನಗೆ ಏನೂ ಅನ್ನಿಸುವುದಿಲ್ಲ. ಎರಡನೆಯ ಗಂಟೆಗೆ ನನ್ನ ಕಡೆ ನೋಡುತ್ತೀ. ನಾನೂ ನೋಡುತ್ತೇನೆ. ಆಮೇಲೆ ಊಟಕ್ಕೆ ಹೋಗುತ್ತೇನೆ.

ಇತಿ,
ನಿನ್ನ ತಂಗಿ